ಗಾಜಿನ ಗೂಡು: ಪದೇ ಪದೇ ಕೇಳುವ ಪ್ರಶ್ನೆಗಳು

ಗಾಜಿನ ಹಾಳೆಗಳನ್ನು ಕಾಯಿಸಿ ಬೆಸೆಯುವ ಕರೆಂಟಿನ ಒಲೆಗೆ, ಇಟ್ಟಿಗೆ ಗೂಡು, ಸುಣ್ಣದ ಗೂಡು ಅನ್ನುವ ಹಾಗೆ, ನಾನು ಗಾಜಿನ ಗೂಡು ಅನ್ನುತ್ತೇನೆ. ಧಾರವಾಡದ ಕಡೆಯವರು ಭಟ್ಟಿ ಅನ್ನುತ್ತಾರೆ, ಕಲಾಶಾಲೆಯಲ್ಲಿ ಓದಿದವರು ಕಿಲ್ನ್ ಅನ್ನುತ್ತಾರೆ. ಮೈಸೂರಿನ ನಮ್ಮ ಮನೆಯ ಕಾರ್ ಶೆಡ್ಡನ್ನು ಸ್ಟುಡಿಯೋ ಮಾಡಿಕೊಂಡಾಗಿನಿಂದ ಫೋನಿನಲ್ಲಿ, ಕಾಗದದಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಕೂಡ ಜನ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತನ್ನು ತಿದ್ದದೆ ಹಾಗೇ ಇಟ್ಟಿದ್ದೇನೆ. ಕಾವಿನ ಅಂಕಿಗಳು ನನ್ನ ಗೂಡಿನವು. ನಿಮ್ಮ ಗೂಡಿನಲ್ಲಿ ಹತ್ತು ಹದಿನೈದು ಡಿಗ್ರಿ ಆಚೀಚೆ ಆಗುತ್ತದೆ.

## ಶುರು ಮಾಡುವ ಮುಂಚೆ

ಕೊಳವೆಯಲ್ಲಿ ಊದಿ ಊದಿ ಮಾಡ್ತಾರಲ್ಲ, ಅದೇನಾ ಇದು?

ಅಲ್ಲ. ಊದುವವರು ಕರಗಿದ ಗಾಜನ್ನು ಕುಲುಮೆಯಿಂದ ಎತ್ತಿಕೊಂಡು ಕೆಲಸ ಮಾಡುತ್ತಾರೆ. ನಾವು ತಣ್ಣಗಿರುವ ಗಾಜಿನ ಹಾಳೆಯನ್ನು ಕತ್ತರಿಸಿ, ಜೋಡಿಸಿ, ಗೂಡಿನೊಳಗೆ ಇಟ್ಟು ಬಾಗಿಲು ಮುಚ್ಚುತ್ತೇವೆ. ಮಿಕ್ಕಿದ್ದು ಕಾವಿನ ಕೆಲಸ. ತುಂಡುಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಾಗೆ ಬೆಸೆದ ಹಾಳೆಯನ್ನು ಅಚ್ಚಿನ ಮೇಲಿಟ್ಟು ಮತ್ತೆ ಕಾಯಿಸಿದರೆ ಇಳಿಬಿದ್ದು ಬಟ್ಟಲಾಗುತ್ತದೆ. ಊದುವ ವಿದ್ಯೆಗಿಂತ ಹಳೆಯದು ಇದು. ಸುಮಾರು 2000 ವರ್ಷಗಳ ಹಿಂದಿನ ರೋಮನ್ನರ ಬಣ್ಣಬಣ್ಣದ ಮೊಸಾಯಿಕ್ ಬಟ್ಟಲುಗಳು ಇದೇ ಜಾತಿಯವು.

ಕಿಟಕಿ ಗಾಜಲ್ಲೇ ಕಲೀಬಹುದಾ, ಹೊರದೇಶದಿಂದ ತರಿಸಲೇಬೇಕಾ?

ಕಿಟಕಿ ಗಾಜಿನಲ್ಲೇ ಕಲಿಯಿರಿ. ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ 1974ರಲ್ಲಿ ಶುರುವಾದ ಬುಲ್ಸ್‌ಐ ಕಂಪನಿ ಬೆಸೆಯುವುದಕ್ಕೆಂದೇ ಪರೀಕ್ಷಿಸಿದ ಬಣ್ಣದ ಗಾಜು ಮಾಡುತ್ತದೆ. ಚೆಂದದ ಗಾಜು, ಅನುಮಾನವಿಲ್ಲ. ಆದರೆ ಗಾಜು ಭಾರದ ಸಾಮಾನು: ಒಂದು ಚದರ ಮೀಟರು, 3 ಮಿಲಿಮೀಟರು ದಪ್ಪದ ಹಾಳೆ ಏಳೂವರೆ ಕಿಲೋ ತೂಗುತ್ತದೆ. ಸಾಗಣೆ, ಸುಂಕ, ದಾರಿಯಲ್ಲಿ ಒಡೆದದ್ದು ಎಲ್ಲ ಸೇರಿ, ಮೊದಲ ತಿಂಗಳು ಹಾಳು ಮಾಡುವ ಗಾಜಿಗೆ ಆ ದುಡ್ಡು ಕೊಟ್ಟರೆ ಹೊಟ್ಟೆ ಉರಿಯುತ್ತದೆ.

ಬೀದಿ ಕೊನೆಯ ಗಾಜು-ಪ್ಲೈವುಡ್ ಅಂಗಡಿಯಲ್ಲಿ ಕತ್ತರಿಸಿ ಮಿಕ್ಕ ಚೂರುಗಳು ಪುಡಿಗಾಸಿಗೆ ಸಿಗುತ್ತವೆ. 3 ಅಥವಾ 4 ಮಿಲಿಮೀಟರಿನ ಸಾದಾ ಫ್ಲೋಟ್ ಗಾಜು ಕೇಳಿ, ಮಾಮೂಲಿ ಕಿಟಕಿ ಗಾಜಿಗೆ ಅಂಗಡಿಯ ಹೆಸರು ಅದು. ಟಫನ್ ಮಾಡಿದ ಗಾಜು ಬೇಡ, ಕಟ್ಟರ್ ಇಟ್ಟರೆ ಕಲ್ಲುಸಕ್ಕರೆಯ ಹಾಗೆ ಪುಡಿಯಾಗುತ್ತದೆ. ಅಂಚಿನಲ್ಲಿ ಕಾಣುವ ಹಸಿರು ಛಾಯೆ ಗಾಜಿನಲ್ಲಿರುವ ಕಬ್ಬಿಣದ ಅಂಶದ್ದು. ಅದು ಬೇಡವಾದರೆ ‘ಎಕ್ಸ್‌ಟ್ರಾ ಕ್ಲಿಯರ್’ ಕೇಳಬೇಕು, ದರ ಜಾಸ್ತಿ.

ಒಂದೇ ಎಚ್ಚರಿಕೆ. ಒಂದು ವಸ್ತುವಿಗೆ ಬೇಕಾದ ಅಷ್ಟೂ ತುಂಡನ್ನು ಒಂದೇ ಹಾಳೆಯಿಂದ ಕತ್ತರಿಸಿ. ಎರಡು ಕಾರ್ಖಾನೆಗಳ ಗಾಜು ನೋಡಲು ಒಂದೇ ಥರ ಇದ್ದರೂ ಹಿಗ್ಗಿ ಕುಗ್ಗುವುದರಲ್ಲಿ ಬೇರೆ ಇರಬಹುದು. ಸೋಡಾ ಬಾಟಲಿಯ ಗಾಜನ್ನಂತೂ ಕಿಟಕಿ ಗಾಜಿನ ಜೊತೆ ಸೇರಿಸಲೇಬೇಡಿ. ಬಾಟಲಿಯನ್ನು ಬಾಟಲಿಯಾಗಿಯೇ ಮಲಗಿಸಿ ಚಪ್ಪಟೆ ಮಾಡಿದರೆ ತೊಂದರೆಯಿಲ್ಲ.

ಅಡುಗೆಮನೆ ಓವನ್ನಲ್ಲಿ ಆಗಲ್ವಾ ಮೇಡಂ?

ಆಗಲ್ಲ. ಓವನ್ನು 250 ಡಿಗ್ರಿಗೆ ಸುಸ್ತಾಗುತ್ತದೆ. ನಮಗೆ 820 ಬೇಕು.

ಕೈ ಕುಯ್ಕೊಳ್ಳೋದು ಗ್ಯಾರಂಟಿ ಅಲ್ವಾ?

ಸಣ್ಣಪುಟ್ಟದು ಆಗುತ್ತದೆ. ನಾನು ಹೆದರುವುದು ಕೈಗಲ್ಲ, ಶ್ವಾಸಕೋಶಕ್ಕೆ. ಗೂಡಿನೊಳಗೆ ಗಾಜು ಇಡುವ ಹಲಗೆಗೆ ಬಳಿಯುವ ಪುಡಿ, ಕಾವು ತಡೆಯುವ ಸೆರಾಮಿಕ್ ಫೈಬರ್ ಕಾಗದ, ಅಚ್ಚಿಗೆ ಬಳಸುವ ಸಿಲಿಕಾ ಇವೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳಾಗಿ ಹಾರುತ್ತವೆ. ಕಲ್ಲುಕ್ವಾರಿಯ ಕೆಲಸಗಾರರನ್ನು ಕಾಡುವ ಸಿಲಿಕೋಸಿಸ್ ಬರುವುದು ಇಂಥ ಸಿಲಿಕಾ ಧೂಳಿನಿಂದಲೇ. ಎನ್95 ಮಾಸ್ಕನ್ನು ಮೂಗಿಗೆ ಸರಿಯಾಗಿ ಒತ್ತಿ ಹಾಕಿಕೊಳ್ಳಿ. ನೆಲವನ್ನು ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಕತ್ತರಿಸುವಾಗ ಕನ್ನಡಕ, ಮುಂಭಾಗ ಮುಚ್ಚಿದ ಚಪ್ಪಲಿ. ಎಣ್ಣೆ ತುಂಬುವ, ಕಾರ್ಬೈಡ್ ಚಕ್ರದ ಕಟ್ಟರ್ ತೆಗೆದುಕೊಳ್ಳಿ. ಒಂದೇ ಸಲ ಗೀರಬೇಕು. ಅದೇ ಗೆರೆಯ ಮೇಲೆ ಎರಡನೇ ಸಲ ಎಳೆದರೆ ಕಟ್ಟರೂ ಹೋಯಿತು, ಗಾಜೂ ಹೋಯಿತು. ಮಿಕ್ಕ ಚೂರುಗಳನ್ನು ಕಸಕ್ಕೆ ಸುಮ್ಮನೆ ಸುರಿಯಬೇಡಿ. ದಪ್ಪ ರಟ್ಟಿನ ಡಬ್ಬದಲ್ಲಿ ಹಾಕಿ, ಟೇಪು ಸುತ್ತಿ, ಮೇಲೆ ‘ಗಾಜು’ ಎಂದು ದೊಡ್ಡದಾಗಿ ಬರೆದು ಪೌರಕಾರ್ಮಿಕರ ಕೈಗೇ ಕೊಡಿ. ಅವರ ಕೈಯೂ ಕೈಯೇ.

## ಗೂಡು, ಕರೆಂಟು, ಹಲಗೆ

ಭಟ್ಟಿ ಯಾವ್ದು ತೊಗೋಬೇಕ್ರೀ? ನಮ್ಮಲ್ಲಿ ಮಡಕಿ ಸುಡೋ ಎಲೆಕ್ಟ್ರಿಕ್ ಭಟ್ಟಿ ಐತಿ, ಅದ ಸಾಕೇನು?

ಸದ್ಯಕ್ಕೆ ಸಾಕ್ರೀ. ಆದರೆ ಮಡಕೆಯ ಗೂಡಿನಲ್ಲಿ ಸುಡುವ ತಂತಿ ಪಕ್ಕದ ಗೋಡೆಗಳಲ್ಲಿರುತ್ತದೆ, ಹಾಗಾಗಿ ಗಾಜಿನ ಹಾಳೆಯ ಅಂಚು ಮೊದಲು ಕಾಯುತ್ತದೆ, ನಡುಭಾಗ ಹಿಂದೆ ಬೀಳುತ್ತದೆ. ಆ ವ್ಯತ್ಯಾಸವೇ ಗಾಜನ್ನು ಸೀಳುತ್ತದೆ. ಏರುವ ವೇಗವನ್ನು ಅರ್ಧಕ್ಕೆ ಇಳಿಸಿ, ತುಂಡುಗಳನ್ನು ಗೋಡೆಯಿಂದ ದೂರ ಇಟ್ಟು ಕೆಲಸ ಮಾಡಿ.

ಹೊಸದು ತೆಗೆದುಕೊಳ್ಳುವುದಾದರೆ ಮುಚ್ಚಳದಲ್ಲಿ ತಂತಿ ಇರುವ, ಅಗಲ ಜಾಸ್ತಿ, ಎತ್ತರ ಕಡಿಮೆ ಇರುವ ಗೂಡು ನೋಡಿ. ಒಳಗೆ 45 ಸೆಂಟಿಮೀಟರು ಚೌಕ, 20 ಎತ್ತರ ಇದ್ದರೆ ಮೂರ್ನಾಲ್ಕು ವರ್ಷ ಬೇರೆ ಗೂಡಿನ ಯೋಚನೆ ಬರುವುದಿಲ್ಲ. ಒಳಪದರ ಹಗುರ ಇಟ್ಟಿಗೆಯದಾದರೆ ಗೂಡು ತಾನಾಗಿ ನಿಧಾನಕ್ಕೆ ಆರುತ್ತದೆ. ಫೈಬರ್ ಪದರದ ಗೂಡು ಬೇಗ ಕಾಯುತ್ತದೆ, ಅಷ್ಟೇ ಬೇಗ ಆರುತ್ತದೆ. ಕರೆಂಟು ಕೈಕೊಡುವ ಊರಿನವರು ಇಟ್ಟಿಗೆಯದನ್ನೇ ಆರಿಸಿಕೊಳ್ಳಿ.

ಬಜೆಟ್ಟು ಬಿಗಿಯಾಗಿದ್ದರೆ ಗೂಡಿನ ಅಳತೆ ಕಡಿಮೆ ಮಾಡಿ, ಕಂಟ್ರೋಲರ್ ಮಾತ್ರ ಕಡಿಮೆ ಮಾಡಬೇಡಿ. ಎಂಟು ಹಂತಗಳನ್ನಾದರೂ ಬರೆದಿಡಬಹುದಾದ, ಪ್ರತಿ ಹಂತಕ್ಕೂ ವೇಗ, ಗುರಿ, ನಿಲ್ಲುವ ಹೊತ್ತು ಹೇಳಬಹುದಾದ ಪಿಐಡಿ ಕಂಟ್ರೋಲರ್ (ಕಾವು ನೋಡಿಕೊಂಡು ಕರೆಂಟನ್ನು ತಾನೇ ಹೆಚ್ಚುಕಡಿಮೆ ಮಾಡುವಂಥದ್ದು) ಬೇಕು. ಬರೀ ಆನ್-ಆಫ್ ಥರ್ಮೋಸ್ಟಾಟ್ ಇಟ್ಟುಕೊಂಡು ರಾತ್ರಿಯಿಡೀ ಅಲಾರಂ ಇಟ್ಟು ಎದ್ದು ಗುಂಡಿ ತಿರುಗಿಸಿದ ಕಾಲ ನನ್ನದೂ ಒಂದಿತ್ತು. ನಿದ್ದೆಯೂ ಇಲ್ಲ, ಗಾಜೂ ಉಳಿಯಲಿಲ್ಲ. ಕಾವು ಅಳೆಯುವ ಕೆ-ಟೈಪ್ ಥರ್ಮೋಕಪಲ್ ಹಲಗೆಯ ಮಟ್ಟಕ್ಕೆ ಹತ್ತಿರ ಇದೆಯೇ ನೋಡಿಕೊಳ್ಳಿ. ಸುಡುವ ತಂತಿ ಕಾಂತಾಲ್ ಎ1 ಅನ್ನುವ ಮಿಶ್ರಲೋಹದ್ದಾದರೆ ಬಾಳಿಕೆ ಬರುತ್ತದೆ.

ಮನೆ ಕರೆಂಟು ತಡೆಯುತ್ತಾ? ಗೃಹಜ್ಯೋತಿ ಇದೆಯಲ್ಲ, ಬಿಲ್ಲೂ ಬರಲ್ಲ ತಾನೆ?

ಮೊದಲು ವೈರಿನ ಮಾತು. 3.6 ಕಿಲೋವ್ಯಾಟಿನ ಗೂಡು 230 ವೋಲ್ಟಿನಲ್ಲಿ ಹದಿನೈದೂವರೆ ಆಂಪಿಯರಿಗಿಂತ ಜಾಸ್ತಿ ಎಳೆಯುತ್ತದೆ. ಗೀಸರಿನ 16 ಆಂಪಿಯರ್ ಸಾಕೆಟ್ಟಿಗೆ ಅದು ಕೊನೆಯ ಮಿತಿ. ಗೀಸರು ಹತ್ತು ನಿಮಿಷಕ್ಕೆ ಆಫ್ ಆಗುತ್ತದೆ, ಗೂಡು ಗಂಟೆಗಟ್ಟಲೆ ಎಳೆಯುತ್ತದೆ; ಸಾಕೆಟ್ಟು ಕಪ್ಪಾಗಿ ಪ್ಲಾಸ್ಟಿಕ್ ವಾಸನೆ ಬರುವುದು ಆಗಲೇ. ಮೀಟರ್ ಬೋರ್ಡಿನಿಂದ ನೇರವಾಗಿ 4 ಚದರ ಮಿಲಿಮೀಟರಿನ ತಾಮ್ರದ ವೈರು, ಅದಕ್ಕೇ ಅಂತ 20 ಆಂಪಿಯರಿನ ಎಂಸಿಬಿ, ಇಂಡಸ್ಟ್ರಿಯಲ್ ಸಾಕೆಟ್ಟು, ಗಟ್ಟಿ ಅರ್ಥಿಂಗು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಅಂತ ನೋಡಿ. 2 ಅಥವಾ 3 ಕಿಲೋವ್ಯಾಟ್ ಅಂತಿದ್ದರೆ ಹೆಚ್ಚಿಸಲು ಅರ್ಜಿ ಹಾಕಬೇಕು.

ಇನ್ನು ಗೃಹಜ್ಯೋತಿ. ಅದು ಮನೆಬಳಕೆಗೆ ಕೊಟ್ಟಿರುವುದು, ದಂಧೆಗಲ್ಲ. ಮನೆಬಳಕೆಗೂ ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿದಷ್ಟೇ ಉಚಿತ, 200 ಯೂನಿಟ್ಟು ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಒಂದು ಫೈರಿಂಗಿನಲ್ಲಿ, ಅಂದರೆ ಗೂಡು ಒಂದು ಸಲ ಕಾದು ಆರುವುದರಲ್ಲಿ, ತಂತಿ ಆನ್ ಇದ್ದ ಹೊತ್ತೆಲ್ಲ ಸೇರಿ ಐದು ಗಂಟೆ ಅಂದುಕೊಂಡರೆ 18 ಯೂನಿಟ್ಟು. ತಿಂಗಳಿಗೆ ಎಂಟು ಫೈರಿಂಗಿಗೆ 144. ಮನೆಯ ಫ್ರಿಜ್ಜು, ಮೋಟಾರು ಸೇರಿದರೆ ಗೃಹಜ್ಯೋತಿ ಆರಿದಂತೆಯೇ. ಗೂಡಿಗೆ ಬೇರೆ ಸಬ್‌ಮೀಟರ್ ಹಾಕಿಸಿಕೊಳ್ಳಿ, ಬೆಲೆ ಕಟ್ಟುವಾಗಲೂ ಉಪಯೋಗಕ್ಕೆ ಬರುತ್ತದೆ.

ಮಧ್ಯದಲ್ಲಿ ಕರೆಂಟು ಹೋದ್ರೆ?

ಮುಚ್ಚಳ ಎತ್ತಬೇಡಿ. ಇದು ಮೊದಲನೆಯದು, ಎರಡನೆಯದು, ಮೂರನೆಯದು.

ಕರೆಂಟು ಬಂದಾಗ ಕಾವಿನ ಮೀಟರು 540ಕ್ಕಿಂತ ಮೇಲೆ ತೋರಿಸುತ್ತಿದ್ದರೆ ಗಾಜು ಇನ್ನೂ ಮೆತ್ತಗಿದೆ, ನಿಂತ ಕಡೆಯಿಂದ ಮುಂದುವರಿಸಬಹುದು. ಅದಕ್ಕಿಂತ ಕೆಳಗಿಳಿದಿದ್ದರೆ ಗಾಜು ಗಟ್ಟಿಯಾಗಿದೆ, ಮತ್ತೆ ಜೋರಾಗಿ ಕಾಯಿಸಿದರೆ ಸೀಳುತ್ತದೆ. ಪೂರ್ತಿ ಆರಲು ಬಿಟ್ಟು, ಮಾರನೇ ದಿನ ಮೊದಲಿನಿಂದ, ಇನ್ನೂ ನಿಧಾನವಾಗಿ ಕಾಯಿಸಿ. ಕರೆಂಟು ಬಂದ ತಕ್ಷಣ ತಾನೇ ಮುಂದುವರಿಯುವ ಆಯ್ಕೆ ಕೆಲವು ಕಂಟ್ರೋಲರುಗಳಲ್ಲಿದೆ, ಕೊಳ್ಳುವಾಗ ಕೇಳಿ. ಮನೆಯ ಯುಪಿಎಸ್ಸಿನಿಂದ ಗೂಡು ಓಡಿಸುವ ಆಸೆ ಬಿಡಿ.

ಹಲಗೆಗೆ ಗಾಜು ಅಂಟಿಕೊಳ್ಳಲ್ವಾ? ಸುಣ್ಣ ಬಳಿದ್ರೆ ಸಾಕಾ?

ಗಾಜು ಮಾಡುವುದೇ ಮರಳು, ಸೋಡಾ, ಸುಣ್ಣಕಲ್ಲುಗಳಿಂದ. ಅದರ ನೆಂಟನನ್ನೇ ನಡುವೆ ಕೂರಿಸಿ ಅಂಟಬೇಡ ಅಂದರೆ ಹೇಗೆ? ಈ ಕಾವಿಗೆ ಜಗ್ಗದ ಅಲ್ಯೂಮಿನಾ ಹೈಡ್ರೇಟ್ ಮತ್ತು ಚೀನಾ ಮಣ್ಣು ಬೇಕು. ಎರಡನ್ನೂ ಸಮ ಅಳತೆಯಲ್ಲಿ ಬೆರೆಸಿ, ಹಾಲಿನಷ್ಟು ತೆಳ್ಳಗೆ ಕಲಸಿ, ಮೆತ್ತನೆಯ ಅಗಲ ಬ್ರಶ್ಶಿನಿಂದ ನಾಲ್ಕೈದು ಕೈ ಬಳಿಯಿರಿ. ಒಂದು ಕೈ ಉದ್ದಕ್ಕೆ, ಮುಂದಿನದು ಅಡ್ಡಕ್ಕೆ. ನೀರುದೋಸೆ ಹಿಟ್ಟಿನ ಹದ ಅಂತ ಒಬ್ಬ ಶಿಷ್ಯೆ ಹೇಳಿದ್ದಳು, ಅಷ್ಟೂ ದಪ್ಪ ಬೇಡ. ಆಮೇಲೆ 260 ಡಿಗ್ರಿಯಲ್ಲಿ ಒಣಗಿಸಿ. ಮಳೆಗಾಲದಲ್ಲಿ ಈ ಒಣಗಿಸುವುದನ್ನು ಮರೆತರೆ ಉಳಿದ ತೇವ ಗಾಜಿನಡಿ ಗುಳ್ಳೆ ಎಬ್ಬಿಸುತ್ತದೆ.

800 ದಾಟಿದ ಫೈರಿಂಗ್ ಒಂದಾದ ಮೇಲೆ ಆ ಲೇಪದ ಆಯಸ್ಸು ಮುಗಿಯಿತು. ಒದ್ದೆ ಮಾಡಿ ಕೆರೆದು ಹೊಸದು ಬಳಿಯಬೇಕು. ಹಲಗೆ ಕಾರ್ಡಿಯರೈಟ್ ಅನ್ನುವ, ಕಾವು ತಾಳುವ ಸೆರಾಮಿಕ್‌ನದು ಇರಲಿ.

## ಕಾವಿನ ಲೆಕ್ಕ

ಎಷ್ಟು ಡಿಗ್ರಿ, ಎಷ್ಟು ಹೊತ್ತು? ಒಂದು ಲೆಕ್ಕ ಬರೆದು ಕೊಡಿ ಸಾಕು.

3 ಮಿಲಿಮೀಟರಿನ ಎರಡು ಪದರ, 25 ಸೆಂಟಿಮೀಟರು ಅಗಲದೊಳಗಿನ ಫ್ಲೋಟ್ ಗಾಜಿಗೆ ನನ್ನ ಪುಸ್ತಕದಲ್ಲಿರುವುದು ಇದು:

ಗಂಟೆಗೆ 150 ಡಿಗ್ರಿಯಂತೆ 540ಕ್ಕೆ, ಅಲ್ಲಿ 10 ನಿಮಿಷ.
ಗಂಟೆಗೆ 100ರಂತೆ 660ಕ್ಕೆ, ಅಲ್ಲಿ 30 ನಿಮಿಷ.
ಗಂಟೆಗೆ 250ರಂತೆ 820ಕ್ಕೆ, ಅಲ್ಲಿ 12 ನಿಮಿಷ.
ತಾನಾಗಿ 545ಕ್ಕೆ ಇಳಿಯಲಿ, ಅಲ್ಲಿ 60 ನಿಮಿಷ.
ಗಂಟೆಗೆ 70ರಂತೆ 450ಕ್ಕೆ.
ಗಂಟೆಗೆ 120ರಂತೆ 100ಕ್ಕೆ. ಆಫ್.

660ರಲ್ಲಿ ನಿಲ್ಲುವುದು ಪದರಗಳ ನಡುವಿನ ಗಾಳಿ ಅಂಚಿನ ಕಡೆಯಿಂದ ಹೊರಗೆ ಹೋಗಲಿ ಅಂತ. ಆತುರಪಟ್ಟರೆ ಅಂಚು ಮೊದಲು ಮುಚ್ಚಿಕೊಂಡು ನಡುವೆ ಹಪ್ಪಳದಂಥ ಗುಳ್ಳೆ ಏಳುತ್ತದೆ. 820 ಬೆಸೆಯುವ ಕಾವು. ತುಂಡುಗಳ ಆಕಾರ ಉಬ್ಬಾಗಿಯೇ ಉಳಿಯಬೇಕಾದರೆ 770ರ ಆಸುಪಾಸಿಗೆ ನಿಲ್ಲಿಸಿ. 545 ಅನೀಲಿಂಗ್, ಅಂದರೆ ಗಾಜಿನ ಒಳಗೂ ಹೊರಗೂ ಕಾವು ಒಂದಾಗಿ ಬಿಗುವು ಸಡಿಲವಾಗುವ ಹಂತ. ಒಟ್ಟು ಹನ್ನೆರಡು ಹದಿಮೂರು ಗಂಟೆ ಹಿಡಿಯುತ್ತದೆ. ಅದರಲ್ಲಿ ಅರ್ಧದಷ್ಟು ಹೊತ್ತು ಇಳಿಯುವುದಕ್ಕೇ ಹೋಗುತ್ತದೆ. ಹೊಸಬರು ದುಡ್ಡು ಉಳಿಸಲು ಕತ್ತರಿ ಹಾಕುವುದೂ ಅಲ್ಲಿಗೇ.

ಬುಲ್ಸ್‌ಐ ಗಾಜಿಗೆ ಈ ಲೆಕ್ಕ ಹಾಕಬೇಡಿ. ಅದು 804ರ ಹತ್ತಿರ ಬೆಸೆಯುತ್ತದೆ, 482ರಲ್ಲಿ ಅನೀಲ್ ಆಗುತ್ತದೆ. ಪ್ರತಿ ಫೈರಿಂಗನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ: ತಾರೀಖು, ಗಾಜು, ದಪ್ಪ, ಹಂತಗಳು, ಬಂದದ್ದು ಏನು. ಇಣುಕುಕಿಂಡಿಯಿಂದ ನೋಡುವವರಿಗೆ ಅತಿಗೆಂಪು ಕಿರಣ ತಡೆಯುವ ಕನ್ನಡಕ ಬೇಕು, ತಂಪು ಕನ್ನಡಕ ಸಾಲದು.

ಒಂದೇ ಪದರ ಸುಟ್ಟೆ. ಮುದುರಿಕೊಂಡು ಅಂಚೆಲ್ಲ ಮುಳ್ಳಾಯ್ತು. ಯಾಕೆ?

ಪೂರ್ತಿ ಬೆಸೆಯುವ ಕಾವಿನಲ್ಲಿ ಗಾಜಿಗೆ 6 ಮಿಲಿಮೀಟರು ದಪ್ಪಕ್ಕೆ ಬರುವ ಆಸೆ. ಎಲೆಯ ಮೇಲಿನ ನೀರಹನಿ ದುಂಡಗಾಗುವುದೂ ಗಾಜಿನ ಈ ಗುಣವೂ ಒಂದೇ, ಮೇಲ್ಮೈಯ ಎಳೆತ. 3 ಮಿಲಿಮೀಟರಿದ್ದರೆ ಒಳಕ್ಕೆ ಎಳೆದುಕೊಂಡು ದಪ್ಪವಾಗಲು ನೋಡುತ್ತದೆ, 4ರ ಎರಡು ಪದರ ಇಟ್ಟರೆ ಹರಡಿಕೊಳ್ಳುತ್ತದೆ. 3ರ ಎರಡು ಪದರ ಇಟ್ಟಲ್ಲೇ ಇರುತ್ತದೆ.

ಮೇಲೆ ಬಿಳಿ ಪೊರೆ ಬಂತು, ತೊಳೆದ್ರೂ ಹೋಗ್ತಿಲ್ಲ.

ಪೊರೆಯಲ್ಲಿ ಮೂರು ಜಾತಿ. ಫೈರಿಂಗಿಗೆ ಮುಂಚೆಯೇ ಹಾಳೆಯಲ್ಲಿ ಮಂಕು ಇದ್ದರೆ ಅದು ಮಳೆಗಾಲದ ತೇವ. ಹಾಳೆಗಳ ನಡುವೆ ಸಿಕ್ಕಿದ ನೀರು ಗಾಜನ್ನೇ ತಿಂದಿರುತ್ತದೆ. ಮಂಗಳೂರು, ಕಾರವಾರದ ಕಡೆಯವರು ಹಾಳೆಗಳ ನಡುವೆ ಕಾಗದ ಇಟ್ಟು ನಿಲ್ಲಿಸಿಡಬೇಕು.

ಫೈರಿಂಗ್ ಆದ ಮೇಲೆ ಒರಟಾದ ಬಿಳಿ ಚರ್ಮ ಬಂದರೆ ಅದು ಗಾಜಿನ ಮೇಲ್ಮೈ ಹರಳುಗಟ್ಟಿರುವುದು. ಫ್ಲೋಟ್ ಗಾಜಿಗೆ ಈ ಚಟ ಜಾಸ್ತಿ. 700ರಿಂದ 800ರ ನಡುವೆ ಸುಮ್ಮನೆ ಹೊತ್ತು ಕಳೆದರೆ, ಬೆರಳಿನ ಜಿಡ್ಡೋ ಧೂಳೋ ಉಳಿದಿದ್ದರೆ ಬೇಗ ಬರುತ್ತದೆ. ಜೋಡಿಸುವ ಮುಂಚೆ ಪ್ರತಿ ತುಂಡನ್ನೂ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿ. ಅಕ್ಕಸಾಲಿಗರ ಬಿಳಿಗಾರ ಗೊತ್ತಲ್ಲ? ಅದನ್ನು ಬಿಸಿನೀರಿನಲ್ಲಿ ಕರಗಿಸಿ, ಒಂದು ತೊಟ್ಟು ಪಾತ್ರೆ ತೊಳೆಯುವ ದ್ರಾವಣ ಹಾಕಿ ತೆಳ್ಳಗೆ ಸಿಂಪಡಿಸಿದರೆ ಮೇಲ್ಮೈ ಹೊಳಪಾಗಿ ಉಳಿಯುತ್ತದೆ.

ಮೂರನೆಯದು ಬಟ್ಟಲಿನ ಒಳಬದಿಯಲ್ಲಿ ಮಾತ್ರ ಕಾಣುವ ಮಂಜು. ಫ್ಲೋಟ್ ಗಾಜನ್ನು ಕರಗಿದ ತವರದ ಮೇಲೆ ತೇಲಿಸಿ ಮಾಡುತ್ತಾರೆ. ತವರಕ್ಕೆ ತಾಗಿದ ಮೈ ಕುಗ್ಗುವಾಗ ಮಂಜಾಗುತ್ತದೆ. ಬಟ್ಟಲಿನ ಒಳಮೈ ಕುಗ್ಗುವ ಮೈ, ಆದ್ದರಿಂದ ತವರದ ಮೈ ಬಟ್ಟಲಿನ ಹೊರಬದಿಗೆ ಬರುವಂತಿರಲಿ. ಕತ್ತಲಲ್ಲಿ 254 ನ್ಯಾನೊಮೀಟರಿನ ಯುವಿ ದೀಪ ಓರೆಯಾಗಿ ಹಿಡಿದರೆ ತವರದ ಮೈ ಹಾಲಿನ ಹಾಗೆ ಹೊಳೆಯುತ್ತದೆ. ಆ ದೀಪವನ್ನು ಕಣ್ಣಿಗೆ ಬಿಡಬೇಡಿ.

ಬಟ್ಟಲ ಅಚ್ಚು ಎಲ್ಲಿ ಸಿಗತ್ತೆ? ಮನೆ ಸ್ಟೀಲ್ ಬಟ್ಟಲು ಇಟ್ರೆ ಆಗಲ್ವಾ?

ಸ್ಟೀಲಿನ ಒಳಗೆ ಗಾಜು ಇಳಿಸಬೇಡಿ, ಸ್ಟೀಲನ್ನು ಬೋರಲು ಹಾಕಿ ಅದರ ಮೇಲೆ ಗಾಜು ಇಳಿಸಿ. ಆರುವಾಗ ಸ್ಟೀಲು ಗಾಜಿಗಿಂತ ಜಾಸ್ತಿ ಕುಗ್ಗುತ್ತದೆ. ಗಾಜು ಒಳಗಿದ್ದರೆ ಹಿಸುಕುತ್ತದೆ, ಹೊರಗಿದ್ದರೆ ತಾನೇ ಸರಿದು ಬಿಡಿಸಿಕೊಳ್ಳುತ್ತದೆ. ಸುಟ್ಟ ಮಣ್ಣಿನದು ಇದಕ್ಕೆ ತಿರುಗುಮುರುಗು: ಅದು ಗಾಜಿಗಿಂತ ಕಡಿಮೆ ಕುಗ್ಗುತ್ತದೆ, ಹಾಗಾಗಿ ಮಣ್ಣಿನ ಅಚ್ಚಿನ ಒಳಗೇ ಇಳಿಸಬೇಕು.

ಮಣ್ಣಿನ ಅಚ್ಚಿಗೆ ಕುಂಬಾರರ ಹತ್ತಿರ ಹೋಗಿ. ಬೆಂಗಳೂರಿನ ಪಾಟರಿ ಟೌನ್‌ನಲ್ಲೋ ನಿಮ್ಮೂರಿನ ಕುಂಬಾರಗೇರಿಯಲ್ಲೋ ಮೆರುಗು ಹಚ್ಚದ, ಆಳವಿಲ್ಲದ ತಟ್ಟೆ ಮಾಡಿಸಿಕೊಳ್ಳಿ. ತಳದಲ್ಲಿ ಗಾಳಿ ಹೋಗಲು ಎರಡು ಸಣ್ಣ ತೂತು ಇರಲೇಬೇಕು. ಹಲಗೆಗೆ ಬಳಿದ ಲೇಪವನ್ನೇ ಇದಕ್ಕೂ ಬಳಿಯಿರಿ. ಗಾಜು ಅಚ್ಚಿಗೆ ಇಳಿಬೀಳುವ ಕಾವು 680ರಿಂದ 720, ಅಚ್ಚಿನ ಆಳ ನೋಡಿಕೊಂಡು.

## ಕೈ ಪಳಗಿದ ಮೇಲೆ

ಒಡೆದಿದೆ. ಏರುವಾಗ ಒಡೀತೋ ಇಳಿಯುವಾಗ ಒಡೀತೋ ಗೊತ್ತಾಗೋದು ಹೇಗೆ?

ಒಡೆದ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ದುಂಡಗಾಗಿದ್ದರೆ ಏರುವಾಗ ಒಡೆದು ಆಮೇಲೆ ಕಾವಿಗೆ ಕರಗಿದೆ, ಮುಂದಿನ ಸಲ ಏರುವ ವೇಗ ತಗ್ಗಿಸಿ. ಚೂಪಾಗಿದ್ದರೆ ಇಳಿಯುವಾಗ ಒಡೆದಿದೆ, ಅಥವಾ ನೀವು ಮುಚ್ಚಳ ಬೇಗ ಎತ್ತಿದ್ದೀರಿ. ಮೊದಲ ವರ್ಷ ನಾನು 200 ಡಿಗ್ರಿಯಲ್ಲಿ ‘ಒಂದು ಚೂರು ನೋಡೋಣ’ ಅಂತ ಎತ್ತಿದೆ. ಟಿಣ್ ಅಂತು.

ಬಿರುಕು ಒಂದು ಬಣ್ಣದ ತುಂಡಿನ ಸುತ್ತಲೇ ಹೋಗಿದ್ದರೆ ಅದು ಕಾವಿನ ತಪ್ಪಲ್ಲ, ಎರಡು ಗಾಜಿಗೆ ಹೊಂದಿಕೆಯಾಗಿಲ್ಲ.

ಎರಡೂ 90 ನಂಬರಿನ ಗಾಜೇ. ಆದ್ರೂ ಮೂರು ವಾರ ಬಿಟ್ಟು ಕಪಾಟಲ್ಲಿ ತಾನೇ ಒಡೀತಲ್ಲ!

ಆ 90 ಅಥವಾ 96 ಅನ್ನುವ ನಂಬರು ಗಾಜು ಕಾವಿಗೆ ಎಷ್ಟು ಹಿಗ್ಗುತ್ತದೆ ಅನ್ನುವುದರ ಅಳತೆ. ಅದೂ 300 ಡಿಗ್ರಿಯ ತನಕದ ಹಿಗ್ಗುವಿಕೆಯದು. ಗಾಜು ಗಟ್ಟಿಯಾಗುವುದು ಅದಕ್ಕಿಂತ ಬಹಳ ಮೇಲೆ, ಅಲ್ಲಿ ಎಷ್ಟು ಮಂದವಾಗಿ ಹರಿಯುತ್ತದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಜಾತಕದಲ್ಲಿ ಒಂದು ಕೂಟ ಕೂಡಿತು ಅಂತ ಮದುವೆ ಮಾಡಿದ ಹಾಗೆ ಇದು.

ನಂಬರು ನಂಬದೆ ಪರೀಕ್ಷೆ ಮಾಡಿ. ಪಾರದರ್ಶಕ ಗಾಜಿನ ಪಟ್ಟಿಯ ಮೇಲೆ ಸಂಶಯದ ಗಾಜಿನ ಉಗುರಗಲದ ಚೂರುಗಳನ್ನಿಟ್ಟು ಪೂರ್ತಿ ಬೆಸೆದು ಅನೀಲ್ ಮಾಡಿ. ಆಮೇಲೆ ಹಳೆಯ ಎಲ್‌ಸಿಡಿ ಮಾನಿಟರಿನಲ್ಲಿ ಬರೀ ಬಿಳಿ ಪರದೆ ತೆರೆದು, ಪೋಲರೈಸ್ಡ್ ತಂಪು ಕನ್ನಡಕವನ್ನು ಪರದೆ ಕಪ್ಪಾಗುವ ತನಕ ತಿರುಗಿಸಿ. ಎರಡರ ನಡುವೆ ಪಟ್ಟಿ ಹಿಡಿದರೆ, ಬಿಗುವು ಇರುವ ಚೂರಿನ ಸುತ್ತ ಬೆಳಕಿನ ಬಳೆ ಕಾಣುತ್ತದೆ. ಬಳೆ ಕಂಡರೆ ಆ ಗಾಜು ಬೇಡ. ಗೃಹಪ್ರವೇಶಕ್ಕೆ ಕೊಟ್ಟ ತಟ್ಟೆಯೊಂದು ಅವರ ಷೋಕೇಸಿನಲ್ಲೇ ಎರಡಾದ ಮೇಲೆ ನಾನು ಕಲಿತದ್ದು ಇದು.

ನೀವು ಮಾಡಿದ ತಟ್ಟೇಲಿ ಊಟ ಮಾಡಬಹುದಾ?

ಬರೀ ಕಿಟಕಿ ಗಾಜಿನದಾದರೆ ಮಾಡಬಹುದು. ಮೇಲ್ಮೈಗೆ ಹಚ್ಚುವ ಎನಾಮೆಲ್ ಬಣ್ಣಗಳಲ್ಲಿ ಕೆಲವದರಲ್ಲಿ ಸೀಸ, ಕ್ಯಾಡ್ಮಿಯಂ ಇರುತ್ತವೆ. ನಮ್ಮ ಊಟದಲ್ಲಿ ಹುಣಸೆಹುಳಿ, ನಿಂಬೆಹಣ್ಣು, ಮಜ್ಜಿಗೆ ಇಲ್ಲದ ಹೊತ್ತಿಲ್ಲ, ಹುಳಿ ಅವನ್ನು ಬಿಡಿಸುತ್ತದೆ. ಡಬ್ಬದ ಮೇಲೆ ಆಹಾರಕ್ಕೆ ಯೋಗ್ಯ ಅಂತ ಬರೆದಿರದ ಬಣ್ಣವನ್ನು ನಾನು ಗೋಡೆಗೆ ತೂಗುಹಾಕುವ ವಸ್ತುಗಳಿಗೆ ಮಾತ್ರ ಬಳಸುತ್ತೇನೆ. ಮೈಕ್ರೋವೇವ್, ಸ್ಟೌ ಎರಡೂ ಬೇಡ.

ಬೆಲೆ ಹೇಗೆ ಕಟ್ಟೋದು? ಗಾಜಿಗೆ ಎಷ್ಟಾಗತ್ತೋ ಅದರ ಎರಡರಷ್ಟಾ?

ಗಾಜಿನ ಬೆಲೆ ಇದರಲ್ಲಿ ಪುಡಿಗಾಸು. ನೀವು ಮಾರುತ್ತಿರುವುದು ಗೂಡಿನ ಜಾಗ ಮತ್ತು ನಿಮ್ಮ ಹೊತ್ತು. 45 ಸೆಂಟಿಮೀಟರಿನ ಹಲಗೆಯಲ್ಲಿ ಸುತ್ತ ಎರಡೆರಡು ಬಿಟ್ಟರೆ ಉಳಿಯುವುದು 41. ಲೋಟ ಇಡುವ ಬಿಲ್ಲೆಗಳನ್ನು 10 ಸೆಂಟಿಮೀಟರು ಚೌಕ ಮಾಡಿ, ನಡುವೆ ಒಂದೂವರೆ ಬಿಟ್ಟರೆ ಸಾಲಿಗೆ ಮೂರು, ಒಟ್ಟು ಒಂಬತ್ತು. ಅದನ್ನೇ 9 ಸೆಂಟಿಮೀಟರು ಮಾಡಿದರೆ ಸಾಲಿಗೆ ನಾಲ್ಕು, ಒಟ್ಟು ಹದಿನಾರು. ಅದೇ ಕರೆಂಟು, ಅದೇ ರಾತ್ರಿ. ಕಾಫಿ ಲೋಟ ಎರಡರ ಮೇಲೂ ಆರಾಮಾಗಿ ಕೂರುತ್ತದೆ. ಈ ಲೆಕ್ಕ ಹೊಳೆಯುವ ಮುಂಚೆ ನಾನು ಒಂದು ವರ್ಷ 10ರ ಬಿಲ್ಲೆ ಮಾರಿದ್ದೆ.

ಕರೆಂಟು, ಹಲಗೆಯ ಸವೆತ, ಒಡೆದು ಹೋಗುವ ಪಾಲು, ಕತ್ತರಿಸಿ ತೊಳೆಯುವ ನಿಮ್ಮ ಗಂಟೆಗಳ ಕೂಲಿ, ಎಲ್ಲವನ್ನೂ ಒಂದು ಫೈರಿಂಗಿಗೆ ಕೂಡಿಸಿ ತುಂಡಿನ ಸಂಖ್ಯೆಯಿಂದ ಭಾಗಿಸಿ. ಮೊದಮೊದಲು ಮಾರಾಟಕ್ಕಿಂತ ಭಾನುವಾರದ ತರಗತಿಗಳೇ ಗೂಡಿನ ಸಾಲ ತೀರಿಸುತ್ತವೆ, ನನ್ನದನ್ನು ತೀರಿಸಿದ್ದೂ ಅವೇ. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಉಚಿತ, ಮಾಡಿಸಿಟ್ಟುಕೊಳ್ಳಿ.

ಗಾಜಿನ ಗಣಪತಿ ಎರಕ ಹೊಯ್ಯಬೇಕು. ಇದೇ ಗೂಡಲ್ಲಿ ಆಗತ್ತಾ?

ಆಗುತ್ತದೆ, ತಾಳ್ಮೆ ಇದ್ದರೆ. ಮೇಣದಲ್ಲಿ ಮೂರ್ತಿ ಮಾಡಿ, ಪ್ಲಾಸ್ಟರ್ ಆಫ್ ಪ್ಯಾರಿಸ್ ಮತ್ತು ಸಿಲಿಕಾ ಪುಡಿ ಸಮಸಮ ಕಲಸಿ ಸುತ್ತ ಹೊಯ್ದು, ಗಟ್ಟಿಯಾದ ಮೇಲೆ ಹಬೆಯಲ್ಲಿ ಮೇಣ ಇಳಿಸಿ. ಉಳಿದ ಪೊಳ್ಳನ್ನು ಗೂಡಿನಲ್ಲಿ ಕರಗಿದ ಗಾಜು ತುಂಬುತ್ತದೆ. ಮಾಸ್ಕಿನ ವಿಷಯ ಮೇಲೆ ಹೇಳಿದ್ದು ಇಲ್ಲಿ ಎರಡು ಪಟ್ಟು ಅನ್ವಯ. ಅಚ್ಚು ಹೊಯ್ಯುವ ಮುಂಚೆಯೇ ಮೇಣದ ಮೂರ್ತಿಯನ್ನು ನೀರಿನಲ್ಲಿ ಮುಳುಗಿಸಿ, ಎಷ್ಟು ನೀರು ಚೆಲ್ಲಿತು ಅಳೆದುಕೊಳ್ಳಿ. 400 ಮಿಲಿಲೀಟರ್ ಚೆಲ್ಲಿದರೆ ಅದನ್ನು ಎರಡೂವರೆಯಿಂದ ಗುಣಿಸಿ: ಒಂದು ಕಿಲೋ ಗಾಜು ಬೇಕು, ಜೊತೆಗೆ ಒಂದು ಹಿಡಿ ಹೆಚ್ಚು.

ಕಷ್ಟ ಇರುವುದು ಆರಿಸುವುದರಲ್ಲಿ. ದಪ್ಪ ಎರಡರಷ್ಟಾದರೆ ಅನೀಲಿಂಗಿಗೆ ಮತ್ತು ಇಳಿಯುವುದಕ್ಕೆ ಬೇಕಾದ ಹೊತ್ತು ಸುಮಾರು ನಾಲ್ಕರಷ್ಟು, ದಪ್ಪ ನಾಲ್ಕರಷ್ಟಾದರೆ ಹೊತ್ತು ಹದಿನಾರರಷ್ಟು. ಹೊಟ್ಟೆ ದಪ್ಪ, ಸೊಂಡಿಲು ಸಣ್ಣ ಆದ್ದರಿಂದ ಗಣಪನ ಲೆಕ್ಕ ಇನ್ನೂ ನಾಜೂಕು, ಹೊಟ್ಟೆಯನ್ನೇ ಅಳತೆಗೆ ಹಿಡಿಯಬೇಕು. ಐದು ಸೆಂಟಿಮೀಟರು ದಪ್ಪದ ನನ್ನ ಮೊದಲ ಗಣಪನಿಗೆ, ಅಚ್ಚು ಒಣಗಿಸಿದ್ದೂ ಸೇರಿ, ಗೂಡು ಐದು ದಿನ ಮುಚ್ಚಿತ್ತು. ಗೌರಿ ಹಬ್ಬದ ಹಿಂದಿನ ದಿನ ಬಂದು ಕೇಳುವವರಿಗೆ ನಾನು ಮಣ್ಣಿನ ಗಣಪನ ಅಂಗಡಿಯ ದಾರಿ ತೋರಿಸುತ್ತೇನೆ.